ಎರಡು ಸಹಿ, ಒಂದೇ ಕಡೆಯ ನ್ಯಾಯ

ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಆಯ್ಕೆಯಾದ ಮಗನ ಅಥವಾ ಮಗಳ ಪರವಾಗಿ ಹೆತ್ತವರು ಎರಡು ಕಾಗದಗಳಿಗೆ ಸಹಿ ಹಾಕಬೇಕು. ಎರಡರ ಒಕ್ಕಣೆಯೂ ಯುಪಿಎಸ್‌ಸಿಯ ಪ್ರಕಟಣೆಯಲ್ಲೇ ಇದೆ. ಮೊದಲನೆಯದು ಪ್ರಮಾಣಪತ್ರ. ತರಬೇತಿಯಲ್ಲಿ ಮಗುವಿಗೆ ಗಾಯವಾದರೆ, ಅದಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ಅಂಗ ಊನವಾದರೆ, ಜೀವವೇ ಹೋದರೂ, ಸರಕಾರದಿಂದ ಪರಿಹಾರ ಕೇಳುವ ಹಕ್ಕು ನಮಗಿಲ್ಲ ಎಂಬುದನ್ನು ಅರಿತಿದ್ದೇವೆ ಎಂದು ಅದರಲ್ಲಿ ಬರೆದುಕೊಡಬೇಕು. ಎರಡನೆಯದು ಬಾಂಡ್. ಅಭ್ಯರ್ಥಿ ತನ್ನ ಕೈಯಲ್ಲೇ ಇದ್ದ ಕಾರಣಕ್ಕೆ ತರಬೇತಿಯನ್ನು ಅರ್ಧಕ್ಕೆ ಬಿಟ್ಟರೆ, ಸರಕಾರ ಮಾಡಿದ ಖರ್ಚನ್ನು ಬಡ್ಡಿ ಸಹಿತ ತೀರಿಸುತ್ತೇವೆ ಎಂದು ಜಾಮೀನುದಾರರೂ ಸೇರಿ ಒಪ್ಪಿಕೊಳ್ಳುವ ಪತ್ರ ಅದು.

ಎರಡನ್ನೂ ಒಟ್ಟಿಗಿಟ್ಟು ಓದಿ. ಹುಡುಗ ತಾನಾಗಿ ಬಿಟ್ಟು ಬಂದರೆ ಪೈಸೆ ಪೈಸೆಗೂ ಲೆಕ್ಕ. ಅವನ ಬೆನ್ನುಮೂಳೆ ಮುರಿದು ಸರಕಾರವೇ ಮನೆಗೆ ಕಳಿಸಿದರೆ ಲೆಕ್ಕವೇ ಇಲ್ಲ. ಹದಿನೇಳು ಹದಿನೆಂಟರ ಮಕ್ಕಳನ್ನು ದೇಶಕ್ಕೆ ಒಪ್ಪಿಸುವ ಕುಟುಂಬಗಳೊಂದಿಗೆ ಸರಕಾರ ಮಾಡಿಕೊಳ್ಳುವ ಕರಾರು ಇದು. ಇದು ಅನ್ಯಾಯ, ಇದನ್ನು ಬದಲಿಸಲೇಬೇಕು.

ಈ ಮಾತು ಕಾಸರಗೋಡಿಗೆ ದೂರದ್ದಲ್ಲ. ಜಿಲ್ಲೆಯ ದಕ್ಷಿಣದ ತುದಿಯ ವಲಿಯಪರಂಬದಿಂದ ನೋಡಿದರೆ ಏಳಿಮಲೆ ಕಾಣುತ್ತದೆ. 2009ರಲ್ಲಿ ಉದ್ಘಾಟನೆಯಾದ ಭಾರತೀಯ ನೌಕಾ ಅಕಾಡೆಮಿ ಇರುವುದು ಅದರ ಬುಡದಲ್ಲಿ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಬರುವುದರಿಂದ ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಮೊದಲ ಮೆಟ್ಟಿಲೇ ಎತ್ತರ. ಆದರೂ ಅವರು ಆಸೆ ಬಿಟ್ಟಿಲ್ಲ. ಈಗ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. 2025ರ ಮೇ ತಿಂಗಳಲ್ಲಿ ಎನ್‌ಡಿಎಯಿಂದ 17 ಯುವತಿಯರ ಮೊದಲ ತಂಡ ಹೊರಬಂತು. ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ, ಯುದ್ಧವಿಮಾನದ ಪೈಲಟ್‌ಗಳನ್ನು ಹಾಕ್ ಜೆಟ್‌ನಲ್ಲಿ ಪಳಗಿಸುವ ಬೀದರ್ ಎಲ್ಲವೂ ನಮಗೆ ಮನೆಮಾತಾದ ಹೆಸರುಗಳೇ.

ಸೇನೆಯ ವಿಮಾನ, ಹೆಲಿಕಾಪ್ಟರ್‌ಗಳ ಕೆಲಸ ಕೇಳುವ ಬೆಲೆ ಏನೆಂಬುದೂ ಈ ಜಿಲ್ಲೆಗೆ ಗೊತ್ತು. 2022ರ ಅಕ್ಟೋಬರ್ 21ರಂದು ಅರುಣಾಚಲ ಪ್ರದೇಶದಲ್ಲಿ ರುದ್ರ ಹೆಲಿಕಾಪ್ಟರ್ ಬಿದ್ದಾಗ ಸತ್ತವರಲ್ಲಿ ಚೆರ್ವತ್ತೂರಿನ ಕೆ.ವಿ. ಅಶ್ವಿನ್ ಒಬ್ಬರು. ಮಡಿದವರಿಗೆ ವಂದಿಸುವುದು ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತಿದೆ. ಸಾಯದೆ, ಸಮವಸ್ತ್ರಕ್ಕೆ ಮೊದಲ ಪಟ್ಟಿ ಏರುವ ಮುನ್ನವೇ ಗಾಲಿಕುರ್ಚಿಯಲ್ಲಿ ಮರಳಿದವರನ್ನು ಏನೆಂದು ಕರೆಯಬೇಕೆಂದು ಮಾತ್ರ ಇಷ್ಟು ದಶಕಗಳಲ್ಲಿ ತೀರ್ಮಾನವಾಗಿಲ್ಲ.

ಅಂಥವರ ಸಂಖ್ಯೆ ದೊಡ್ಡದೇನಲ್ಲ. 1985ರಿಂದೀಚೆಗೆ ತರಬೇತಿಯಲ್ಲಿ ಗಾಯಗೊಂಡು, ಕಾಯಿಲೆ ಬಿದ್ದು ‘ಬೋರ್ಡ್ ಔಟ್’ ಆದ, ಅಂದರೆ ವೈದ್ಯಕೀಯ ಕಾರಣಕ್ಕೆ ಹೊರಬಿದ್ದ, ಅಧಿಕಾರಿ ಕೆಡೆಟ್‌ಗಳು ಸುಮಾರು 500. ಎನ್‌ಡಿಎ ಒಂದರಿಂದಲೇ 2021ರಿಂದ 2025ರ ಜುಲೈವರೆಗೆ ಸುಮಾರು 20 ಮಂದಿ ಹೀಗೆ ಹೊರಬಿದ್ದಿದ್ದಾರೆ. ಪತ್ರಿಕಾ ವರದಿಯೊಂದು ಇವರ ಪಾಡನ್ನು ಹೊರಗೆಡವಿದ ಮೇಲೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆರ್. ಮಹದೇವನ್ ಅವರ ಪೀಠ ವಿಮೆ, ಮಾಸಿಕ ಮೊತ್ತದ ಏರಿಕೆ, ಪುನರ್ವಸತಿ, ಚಿಕಿತ್ಸೆಯ ಬಳಿಕ ಕಚೇರಿ ಕೆಲಸ ಇವುಗಳ ಬಗ್ಗೆ ಕೇಂದ್ರವನ್ನು ಪ್ರಶ್ನಿಸಿತು. ಅದೇ ತಿಂಗಳ ಕೊನೆಗೆ ರಕ್ಷಣಾ ಸಚಿವಾಲಯ ಇವರನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ ಸೇರಿಸಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಬೆನ್ನುಹುರಿಗೆ ಪೆಟ್ಟಾದವರಿಗೆ, ತಲೆಗೆ ಏಟು ಬಿದ್ದು ಪ್ರಜ್ಞೆ ಮರಳದವರಿಗೆ ಈ ಚಿಕಿತ್ಸೆ ಸಿಗಲು ಸುಪ್ರೀಂ ಕೋರ್ಟು ಎದ್ದು ಕೂರಬೇಕಾಯಿತಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ?

ಮೂಲ ತಕರಾರು ಇರುವುದು ಸ್ಥಾನಮಾನದಲ್ಲಿ. ಸಿಪಾಯಿಯಾಗಿ ಭರ್ತಿಯಾದ ರಿಕ್ರೂಟ್ ತರಬೇತಿಯಲ್ಲೇ ಅಂಗವಿಕಲನಾದರೂ ಮಾಜಿ ಸೈನಿಕನೆನಿಸಿಕೊಳ್ಳಲು ಅರ್ಹ. 2022ರಲ್ಲಿ ಬಂದ ಅಗ್ನಿವೀರ ಯೋಜನೆಯ ಬಗ್ಗೆ ನೂರು ಆಕ್ಷೇಪಗಳಿರಬಹುದು, ಅದರಲ್ಲೂ ಸೇವೆಯಿಂದಾದ ನೂರು ಶೇಕಡಾ ಅಂಗವೈಕಲ್ಯಕ್ಕೆ 44 ಲಕ್ಷ ರೂಪಾಯಿ ಗೊತ್ತುಮಾಡಲಾಗಿದೆ. ಅಧಿಕಾರಿಯಾಗಲು ಹೊರಟ ಕೆಡೆಟ್ ಮಾತ್ರ ‘ಇನ್ನೂ ಕಮಿಷನ್ ಆಗಿಲ್ಲ’, ಅಂದರೆ ಅಧಿಕಾರಿಯಾಗಿ ನೇಮಕಗೊಂಡಿಲ್ಲ, ಎಂಬ ಒಂದೇ ಕಾರಣಕ್ಕೆ ಮಾಜಿ ಸೈನಿಕನಲ್ಲ, ಅಂಗವೈಕಲ್ಯ ಪಿಂಚಣಿಗೂ ಅರ್ಹನಲ್ಲ. ಸಿಗುವುದು ಅನುಗ್ರಹ ರೂಪದ ಮಾಸಿಕ ಮೊತ್ತ. ಪೂರ್ತಿ ಅಂಗವಿಕಲನಾದರೂ 2025ರಲ್ಲಿ ಅದು 40 ಸಾವಿರ ರೂಪಾಯಿ ದಾಟುತ್ತಿರಲಿಲ್ಲ. ಹಗಲಿರುಳು ಪಕ್ಕದಲ್ಲಿ ಒಬ್ಬರು ಇರಲೇಬೇಕಾದ ಮನೆಯಲ್ಲಿ ಈ ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ರೋಗಿಯನ್ನು ನೋಡಿಕೊಂಡ ಯಾರಾದರೂ ಹೇಳಬಲ್ಲರು.

ಕಮಿಷನ್ ಆಗಿಲ್ಲ ಎಂಬ ವಾದ ಆಕಾಶದಲ್ಲಿ ನಿಲ್ಲುವುದಿಲ್ಲ. 2023ರ ಡಿಸೆಂಬರ್ 4ರಂದು ದುಂಡಿಗಲ್‌ನಿಂದ ಹಾರಿದ ಪಿಲಾಟಸ್ ತರಬೇತಿ ವಿಮಾನ ತೂಪ್ರಾನ್ ಬಳಿ ಬಿತ್ತು. ಒಳಗಿದ್ದವರು ಒಬ್ಬ ಬೋಧಕ, ಒಬ್ಬ ಕೆಡೆಟ್. ಇಬ್ಬರೂ ಉಳಿಯಲಿಲ್ಲ. ಅದೇ ವರ್ಷದ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಬಳಿ ಕಿರಣ್ ವಿಮಾನ ಬಿದ್ದಾಗ ಅದರಲ್ಲಿದ್ದ ಇಬ್ಬರು ಅಧಿಕಾರಿಗಳು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಹಾರುವ ವಿಮಾನದಿಂದ ಆಸನ ಸಮೇತ ಸಿಡಿದು ಹೊರಬರುವಾಗ ಬೆನ್ನುಮೂಳೆಯ ಮೇಲೆ ದೇಹತೂಕದ ಹತ್ತಾರು ಪಟ್ಟು ಒತ್ತಡ ಬೀಳುತ್ತದೆ. ಆ ಒತ್ತಡ ಅಧಿಕಾರಿಯ ಮೂಳೆಗೂ ಕೆಡೆಟ್‌ನ ಮೂಳೆಗೂ ಒಂದೇ. ಒಂದೇ ವಿಮಾನದಲ್ಲಿ ಕೂತ ಇಬ್ಬರಲ್ಲಿ ಮುರಿದ ಬೆನ್ನಿಗೆ ಒಬ್ಬನಿಗೆ ಪಿಂಚಣಿ, ಇನ್ನೊಬ್ಬನಿಗೆ ಕೃಪೆ ಎನ್ನುವ ನಿಯಮವನ್ನು ಯಾವ ನ್ಯಾಯದ ತಕ್ಕಡಿಯಲ್ಲಿ ತೂಗುವುದು?

ನಮ್ಮ ತೋಟಗಳನ್ನೇ ನೋಡಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಮಂಡಳಿಯೇ ತರಬೇತಿ ಕೊಟ್ಟ ಹೊಸಬರೂ ಅದರೊಳಗೆ ಬರುತ್ತಾರೆ. ಗೊನೆ ಮುಟ್ಟುವ ಮೊದಲೇ ಬಿದ್ದೆ, ಹಾಗಾಗಿ ನೀನು ಮರ ಹತ್ತುವವನೇ ಅಲ್ಲ ಎಂದು ಇಲ್ಲಿನ ಯಾವ ತೋಟದ ಯಜಮಾನನೂ ಹೇಳಲಾರ. ದೆಹಲಿ ಹೇಳುತ್ತಿರುವುದು ಅದನ್ನೇ.

‘ಅಪಾಯ ಗೊತ್ತಿದ್ದೇ ಸೇರಿದ್ದಲ್ಲವೇ’ ಎನ್ನುವವರಿದ್ದಾರೆ. ಗಡಿ ಕಾಯುವ ಸೈನಿಕನೂ ಗೊತ್ತಿದ್ದೇ ಸೇರುತ್ತಾನೆ, ಹಾಗೆಂದು ಅವನ ಪಿಂಚಣಿ ಕಿತ್ತುಕೊಳ್ಳುತ್ತೇವೆಯೇ? ಸೌಲಭ್ಯ ಕೊಟ್ಟರೆ ದುರುಪಯೋಗವಾಗುತ್ತದೆ ಎನ್ನುವವರೂ ಇದ್ದಾರೆ. ಗಾಯ ತರಬೇತಿಯಿಂದ ಆದದ್ದೇ, ಎಷ್ಟು ಶೇಕಡಾ ಎಂಬುದನ್ನು ತೀರ್ಮಾನಿಸುವವರು ಸೇನೆಯದೇ ವೈದ್ಯರು. ಇನ್ನು ಖರ್ಚಿನ ಮಾತು. ನಾಲ್ಕು ದಶಕಕ್ಕೆ ಐನೂರು ಮಂದಿ, ಅಂದರೆ ವರ್ಷಕ್ಕೆ ಹನ್ನೆರಡು ಹದಿಮೂರು ಮಂದಿ. ಇಷ್ಟು ಜನರ ಪಿಂಚಣಿಯಿಂದ ರಕ್ಷಣಾ ಬಜೆಟ್ ಬಡವಾಗುವುದಿಲ್ಲ.

ಗಾಯವಿಲ್ಲದೆ ಮರಳುವವರ ಪ್ರಶ್ನೆ ಬೇರೆ, ಅದನ್ನೂ ಮರೆಯಬಾರದು. ಹಾರಾಟದಲ್ಲಿ ನಿರೀಕ್ಷಿತ ಮಟ್ಟ ಮುಟ್ಟದ ಕೆಡೆಟ್‌ನನ್ನು ಅಕಾಡೆಮಿ ‘ಸಸ್ಪೆಂಡ್’ ಮಾಡುತ್ತದೆ. ಹೀಗೆ ಸಸ್ಪೆಂಡ್ ಆದವರು ಮತ್ತೆ ಫ್ಲೈಯಿಂಗ್ ಶಾಖೆಗೆ ಅರ್ಜಿ ಹಾಕುವಂತಿಲ್ಲ. ಈ ಕಟ್ಟುನಿಟ್ಟು ಸರಿಯೇ. ಚೆಕ್ ರೈಡ್ ಎಂಬ ಹಾರಾಟ ಪರೀಕ್ಷೆಯಲ್ಲಿ ಕೈ ತಪ್ಪಿದವನನ್ನು ಕರುಣೆಯಿಂದ ಜೆಟ್‌ನಲ್ಲಿ ಕೂರಿಸಿ ಎಂದು ಯಾರೂ ಕೇಳುತ್ತಿಲ್ಲ. ನೆಲದ ಶಾಖೆಗಳಲ್ಲಿ ಹುದ್ದೆ ಖಾಲಿ ಇದ್ದು ಮೇಲಿನವರು ಒಪ್ಪಿದರೆ ಅಲ್ಲಿ ಅವಕಾಶ. ಇಲ್ಲದಿದ್ದರೆ ಟ್ರಂಕ್ ಹೊತ್ತು ಊರಿಗೆ. ಆಗ ಊರವರ ಮೊದಲ ಪ್ರಶ್ನೆ ‘ಏನು ತಪ್ಪು ಮಾಡಿದ?’ ಎಂಬುದು. ಆಯ್ಕೆಯಾದಾಗ ಫ್ಲೆಕ್ಸ್ ಕಟ್ಟಿ, ಸನ್ಮಾನ ಮಾಡಿ, ಪತ್ರಿಕೆಯಲ್ಲಿ ಚಿತ್ರ ಹಾಕಿಸಿದ ನಾವೇ ಆತ ಮರಳಿದಾಗ ಬಾಗಿಲ ಸಂದಿಯಿಂದ ಇಣುಕುತ್ತೇವೆ. ಈ ವಿಷಯದಲ್ಲಿ ಸರಕಾರದಷ್ಟೇ ಸಮಾಜವೂ ತಪ್ಪಿತಸ್ಥ. ಹಾರಲು ಬೇಕಾದ ಕೈಕಣ್ಣುಗಳ ಹೊಂದಾಣಿಕೆ ಒಂದು ಹಂತ ಮುಟ್ಟಲಿಲ್ಲವೆಂದರೆ ಅದು ನಡತೆಯ ದೋಷವಲ್ಲ.

ಸಮಾಧಾನ ಹೇಳುವವರು ಅಬ್ದುಲ್ ಕಲಾಂ ಅವರ ಹೆಸರೆತ್ತುತ್ತಾರೆ. ವಾಯುಪಡೆಯ ಆಯ್ಕೆಯಲ್ಲಿ ಎಂಟು ಜಾಗಕ್ಕೆ ಒಂಬತ್ತನೆಯವರಾಗಿ ಹಿಂದಿರುಗಿದ ಕಲಾಂ ಮುಂದೆ ರಾಷ್ಟ್ರಪತಿಯಾದದ್ದು ನಿಜ. ಆದರೆ ಅಂದು ಅವರ ಕೈಯಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿಮಾನ ಎಂಜಿನಿಯರಿಂಗ್ ಶಿಕ್ಷಣವಿತ್ತು, ಇನ್ನೊಂದು ಸರಕಾರಿ ಕೆಲಸದ ಬಾಗಿಲೂ ತೆರೆದಿತ್ತು. ಎನ್‌ಡಿಎಯ ಎರಡನೆಯ ವರ್ಷದಲ್ಲಿ ಹೊರಬಿದ್ದವನ ಕೈಯಲ್ಲಿರುವುದು ಹನ್ನೆರಡನೆಯ ತರಗತಿಯ ಅಂಕಪಟ್ಟಿ. ಜೆಎನ್‌ಯು ಕೊಡುವ ಪದವಿ ಮೂರು ವರ್ಷ ಮುಗಿಸಿದವರಿಗೆ ಮಾತ್ರ. ಅಸಾಮಾನ್ಯರ ಕಥೆ ಹೇಳಿ ಸಾಮಾನ್ಯರಿಗೆ ಮಾಡಬೇಕಾದ ವ್ಯವಸ್ಥೆಯಿಂದ ಜಾರಿಕೊಳ್ಳುವುದು ಬೇಡ.

ಬೋರ್ಡ್ ಔಟ್ ಆದವರಿಗೆ ಪುನರ್ವಸತಿ ಮಹಾನಿರ್ದೇಶನಾಲಯದ ಯೋಜನೆಗಳು ಇತ್ತೀಚೆಗೆ ತೆರೆದಿವೆ. ಕಲ್ಲಿದ್ದಲು ಸಾಗಾಟ, ಹಾಲಿನ ಬೂತ್, ಇಂಧನ ಏಜೆನ್ಸಿ ಇಂಥವೇ ಹೆಚ್ಚು. ಪೆರ್ಲದಲ್ಲಿ, ಬದಿಯಡ್ಕದಲ್ಲಿ ಹಾಸಿಗೆ ಹಿಡಿದ ಇಪ್ಪತ್ತರ ಯುವಕನಿಗೆ ಕಲ್ಲಿದ್ದಲು ಸಾಗಾಟದಿಂದ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಓದು, ಕೂತು ಮಾಡಬಹುದಾದ ಕೆಲಸ, ಕೊನೆಯವರೆಗೆ ಖಾತ್ರಿಯಾದ ಆದಾಯ.

ಸರಕಾರ ಮಾಡಬೇಕಾದದ್ದು ಸ್ಪಷ್ಟವಾಗಿದೆ. ಪರಿಹಾರ ಕೇಳುವುದಿಲ್ಲ ಎಂದು ಬರೆಸಿಕೊಳ್ಳುವ ಪ್ರಮಾಣಪತ್ರ ರದ್ದಾಗಲಿ. ತರಬೇತಿಯಿಂದ ಅಂಗವಿಕಲರಾದ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಸ್ಥಾನ ಮತ್ತು ಅಂಗವೈಕಲ್ಯ ಪಿಂಚಣಿ ಸಿಗಲಿ, 1985ರಿಂದ ಹೊರಬಿದ್ದ ಎಲ್ಲರಿಗೂ ಅದು ಅನ್ವಯವಾಗಲಿ. ಭಾಗಶಃ ಗಾಯಗೊಂಡವರಿಗೆ ಹವಾಮಾನ, ಲೆಕ್ಕಪತ್ರ, ಸಿಮ್ಯುಲೇಟರ್ ಬೋಧನೆಯಂಥ ಕೆಲಸಗಳಲ್ಲಿ ಜಾಗ ಮೀಸಲಾಗಲಿ. ಯಾವುದೇ ಕಾರಣಕ್ಕೆ ಅರ್ಧಕ್ಕೆ ಮರಳಿದವರು ಮುಗಿಸಿದ ಸೆಮಿಸ್ಟರ್‌ಗಳನ್ನು ಎಲ್ಲ ವಿಶ್ವವಿದ್ಯಾಲಯಗಳೂ ತಕರಾರಿಲ್ಲದೆ ಒಪ್ಪಲಿ. ದುಂಡಿಗಲ್‌ನಲ್ಲಿ ಹಾರಿದ ಗಂಟೆಗಳಿಗೆ ದೃಢೀಕೃತ ದಾಖಲೆ ಕೊಟ್ಟು, ನಾಗರಿಕ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳಲ್ಲಿ ಅವನ್ನು ಸುಲಭವಾಗಿ ಸೇರಿಸಿಕೊಳ್ಳುವ ದಾರಿ ಆಗಲಿ.

ಇವನ್ನೆಲ್ಲ ನ್ಯಾಯಾಲಯವೇ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕೂರುವುದರ ಫಲ ಕಾಸರಗೋಡಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸಿದ ಸರಕಾರಿ ನಿಗಮದ ತಪ್ಪಿಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ತಲುಪಿದ್ದು ಎಂಟು ಮಂದಿಗೆ. ಎಣ್ಮಕಜೆಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಗಿಳಿಯದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಆದೇಶ ಬಂದ ಮಾತ್ರಕ್ಕೆ ನ್ಯಾಯ ಮನೆಗೆ ತಲುಪುವುದಿಲ್ಲ, ಅದರ ಬೆನ್ನು ಹತ್ತುವ ಜನ ಬೇಕು. ಈ ಕೆಡೆಟ್‌ಗಳು ದೇಶದ ಮೂಲೆ ಮೂಲೆಗಳಲ್ಲಿ ಒಬ್ಬೊಬ್ಬರಾಗಿ ಚದುರಿದ್ದಾರೆ, ಒಂದು ಊರಿನ ಮತಪೆಟ್ಟಿಗೆಯನ್ನು ಅಲುಗಿಸುವ ಶಕ್ತಿಯೂ ಅವರಿಗಿಲ್ಲ. ಆದ್ದರಿಂದ ಕಾಸರಗೋಡು, ದಕ್ಷಿಣ ಕನ್ನಡ, ಕೊಡಗು ಭಾಗಗಳ ಸಂಸದರು ಪಕ್ಷಭೇದ ಬಿಟ್ಟು ಇವರ ಪರವಾಗಿ ಲೋಕಸಭೆಯಲ್ಲಿ ಎದ್ದು ನಿಲ್ಲಬೇಕು. ಪಿಂಚಣಿಯ ಆದೇಶ ಹೊರಬಿದ್ದು ಕೊನೆಯ ಕೆಡೆಟ್‌ನ ಖಾತೆಗೆ ಹಣ ಜಮೆಯಾಗುವ ತನಕ ಕೂರಬಾರದು. ಮಕ್ಕಳನ್ನು ಸೇನೆಗೆ ಕಳಿಸಿ ಎಂದು ವೇದಿಕೆಯಲ್ಲಿ ಕರೆ ಕೊಡುವ ಪ್ರತಿಯೊಬ್ಬ ನಾಯಕನ ಕರ್ತವ್ಯ ಇದು.