ಕೊಂಡ ವೇಷ, ಆಡುವ ಮಾತು

ಆಟವನ್ನು ಅಂಜಿಕೆಯಿಂದ ನೋಡುವುದು ಹೊಸ ಕಾಲದ ರೂಢಿಯೇನಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡಲು ಕೂರುತ್ತಾರೆ. ಸೋಲುಗೆಲುವಿನ ಮಾತು ಜಗಳಕ್ಕೆ ತಿರುಗಿ, ಒಬ್ಬಳು ಚೆನ್ನೆಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಹದಿನಾಲ್ಕು ಗುಳಿಗಳ ಒಂದು ಮರದ ಮಣೆ, ಹಿಡಿಯಷ್ಟು ಕಾಯಿಗಳು. ಇಷ್ಟರಿಂದ ಎರಡು ಜೀವಗಳು ಹೋದವೆಂದು ಆ ಮೌಖಿಕ ಕಾವ್ಯ ಹೇಳುತ್ತದೆ. ಹಾಗೆಂದು ತುಳುನಾಡಿನ ಜನ ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಆಡಬಾರದು, ಮಳೆಗಾಲದ ಆಟಿ ತಿಂಗಳ ಬಿಡುವಿನಲ್ಲಿ ಆಡಬೇಕು ಎಂಬ ಕಟ್ಟಳೆಗಳನ್ನು ಮಾಡಿಕೊಂಡು ಮಣೆಯನ್ನು ಮನೆಯಲ್ಲಿಯೇ ಉಳಿಸಿಕೊಂಡರು. ಯಾರೊಡನೆ, ಯಾವಾಗ, ಏನನ್ನು ಪಣವಾಗಿಟ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡ ಸಮಾಜಕ್ಕೆ ನಿಷೇಧದ ಅಗತ್ಯ ಬೀಳಲಿಲ್ಲ. ಮುಂಬಯಿಯ ಕನ್ನಡ ಮನೆಗಳಲ್ಲಿ ಇಂದು ಚರ್ಚೆಯ ವಸ್ತುವಾಗಿರುವ ಬಂದೂಕಿನ ಆಟಗಳ ಬಗ್ಗೆ ವಿಚಾರ ಮಾಡುವಾಗಲೂ ಈ ಮೂರು ಪ್ರಶ್ನೆಗಳೇ ದಾರಿ ತೋರಬಲ್ಲವು.

ಸಯನ್ ಮತ್ತು ವಡಾಲಗಳ ನಡುವಿನ ಆಂಟಾಪ್ ಹಿಲ್ ಪ್ರದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಡೆ ಕೇಂದ್ರ ಸರ್ಕಾರದ ನೌಕರರ ವಸತಿಗೃಹಗಳು, ಇನ್ನೊಂದು ಕಡೆ ಒತ್ತಾದ ಝೋಪಡಪಟ್ಟಿಗಳು, ಅವುಗಳನ್ನು ಕೆಡವಿ ಎಬ್ಬಿಸಿದ ಎತ್ತರದ ಕಟ್ಟಡಗಳು. ಕೊಕ್ರಿ ಆಗಾರ್ ಎಂಬ ಹೆಸರಿನಲ್ಲಿ ಮಾತ್ರ ಹಳೆಯ ಉಪ್ಪಿನ ಆಗರಗಳ ನೆನಪು ಉಳಿದುಕೊಂಡಿದೆ. ಹಲವು ಪ್ರಾಂತಗಳ ಜನರು ಬೆರೆತ ಈ ನೆಲೆಯಲ್ಲಿ ಕನ್ನಡದ ಮನೆಗಳೂ ಇವೆ. ಇಂತಹ ಬಡಾವಣೆಗಳ ಹುಡುಗರು 2000ದ ನಂತರದ ದಶಕದಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆ ತೆತ್ತು ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲದ ದರ ಕುಸಿದ ಮೇಲೆ ಆಟ ಅಂಗಡಿಯನ್ನು ಬಿಟ್ಟು ಅಂಗೈಗೆ ಬಂದಿತು.

ಹೀಗೆ ಬಂದ ಆಟಗಳಲ್ಲಿ ಪ್ರಮುಖವಾದುದು ಪಬ್‌ಜಿ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ, ದಕ್ಷಿಣ ಕೊರಿಯದ ಸಂಸ್ಥೆ ಹೊರತಂದ ಈ ಆಟ 2017ರಲ್ಲಿ ಕಂಪ್ಯೂಟರಿಗೂ 2018ರ ಮಾರ್ಚಿನಲ್ಲಿ ಮೊಬೈಲಿಗೂ ಬಂದಿತು. ಇದರ ಕಲ್ಪನೆಯ ಹಿಂದೆ ಜಪಾನಿನ ಕೌಶುನ್ ತಕಾಮಿಯ 1999ರ ಕಾದಂಬರಿಯನ್ನು ಆಧರಿಸಿ 2000ದಲ್ಲಿ ತೆರೆಕಂಡ ‘ಬ್ಯಾಟಲ್ ರಾಯಲ್’ ಚಿತ್ರವಿದೆಯೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗಮನಾರ್ಹ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರವು ಇದನ್ನೊಳಗೊಂಡು 118 ಆ್ಯಪ್‌ಗಳನ್ನು ನಿಷೇಧಿಸಿತು. ಮರುವರ್ಷ ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರಿನಲ್ಲಿ ಬರಲಿದೆಯೆಂದು ತಿಳಿದಾಗ ಉಂಟಾದ ನಿರೀಕ್ಷೆ ಸಾಮಾನ್ಯವಾದುದಲ್ಲ. ಮೇ 18ರಂದು ಮುಂಗಡ ನೋಂದಣಿ ಆರಂಭವಾಗಿ ಎರಡು ವಾರಗಳಲ್ಲಿ 2 ಕೋಟಿ ಹೆಸರುಗಳು ದಾಖಲಾದವೆಂದು ಸಂಸ್ಥೆ ಪ್ರಕಟಿಸಿತು. 2021ರ ಜುಲೈ 2ರಂದು ಬಿಡುಗಡೆಯಾದ ಈ ಆಟ 2022ರ ಜುಲೈನಲ್ಲಿ ಮತ್ತೆ ತಡೆಗೊಳಗಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ನಿಷೇಧದಿಂದ ಹಂಬಲ ಅಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ಹಂಬಲದ ಮೂಲವಾವುದು? ಕೊಲ್ಲುವ ಆಸೆಯೆಂದು ಹಿರಿಯರು ತೀರ್ಮಾನಿಸುವುದು ಸಹಜ. ಆದರೆ ಆಟದ ವಿನ್ಯಾಸವನ್ನು ಅವಲೋಕಿಸಿದಾಗ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ನೂರು ಜನರು ವಿಮಾನದಿಂದ ಬರಿಗೈಯಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೈಗೆ ಸಿಕ್ಕ ಆಯುಧಗಳನ್ನು ಕೂಡಿಸಿಕೊಂಡು, ಸುತ್ತಲಿಂದ ಕಿರಿದಾಗುತ್ತ ಬರುವ ವಲಯದೊಳಗೆ ಕೊನೆಯವರೆಗೆ ಉಳಿಯಬೇಕು. ಎರಾಂಗೆಲ್ ಎಂಬ ಆ ಮೂಲ ದ್ವೀಪ ಉದ್ದಗಲಗಳಲ್ಲಿ 8 ಕಿಲೋಮೀಟರ್, ಅಂದರೆ 64 ಚದರ ಕಿಲೋಮೀಟರ್. ಆಂಟಾಪ್ ಹಿಲ್ ಸೇರಿರುವ ಮುಂಬಯಿಯ ದ್ವೀಪನಗರದ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 68 ಚದರ ಕಿಲೋಮೀಟರ್. ಅಲ್ಲಿ ನೂರು ಜನ. ಇಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 31 ಲಕ್ಷ. ಹತ್ತು ಅಡಿ ಅಗಲದ ಕೋಣೆಯಲ್ಲಿ ಐವರೊಡನೆ ಬೆಳೆಯುವ ಹುಡುಗನಿಗೆ ಆ ದ್ವೀಪದಲ್ಲಿ ಬಾಗಿಲು ತೆರೆದ ಖಾಲಿ ಮನೆಗಳಿವೆ, ಮಹಡಿಗಳಿವೆ, ಗೋಧಿಯ ಬಯಲುಗಳಿವೆ. ಯಾರ ಅಪ್ಪಣೆಯೂ ಇಲ್ಲದೆ ಅವನು ಯಾವ ಮನೆಯೊಳಗೂ ಹೋಗಬಲ್ಲ. ಗುಂಡಿನ ಸದ್ದಿಗಿಂತ ಈ ತೆರವು ಅವನನ್ನು ಹೆಚ್ಚು ಸೆಳೆಯುತ್ತದೆಯೆಂದರೆ ಅತಿಶಯೋಕ್ತಿಯಾಗದು. ಆಟದ ಮೈದಾನವನ್ನು ಉಳಿಸಿಕೊಡದ ನಗರವು ಮೊಬೈಲನ್ನು ದೂಷಿಸುವುದು ನ್ಯಾಯವಲ್ಲ.

ಹಿಂಸೆಯ ಆಕ್ಷೇಪಕ್ಕೆ ಭಾರತೀಯ ಆವೃತ್ತಿ ಕೊಟ್ಟ ಉತ್ತರ ವಿನೋದಮಯವಾಗಿದೆ. ಅಲ್ಲಿ ರಕ್ತದ ಬಣ್ಣ ಹಸಿರಾಯಿತು. ಕೊಂದನೆಂಬ ಮಾತಿನ ಸ್ಥಾನದಲ್ಲಿ ಮುಗಿಸಿದನೆಂಬ ಮಾತು ಬಂದಿತು. ಇದು ಕೇವಲ ಕಲ್ಪಿತ ಲೋಕವೆಂಬ ಎಚ್ಚರಿಕೆ ಆರಂಭದಲ್ಲಿಯೇ ಕೇಳಿಸತೊಡಗಿತು. ರಣರಂಗದ ವರ್ಣನೆಯನ್ನು ಪಂಪನಿಂದ ಕುಮಾರವ್ಯಾಸನವರೆಗೆ ಓದಿ ಆಸ್ವಾದಿಸಿದವರಿಗೆ, ಯಕ್ಷಗಾನದ ವಧೆಗಳನ್ನು ಬೆಳಗಿನವರೆಗೆ ನೋಡಿ ನೆಮ್ಮದಿಯಿಂದ ಮನೆಗೆ ಮರಳಿದವರಿಗೆ, ಲೋಕದ ಹಿಂಸೆಯೂ ರಂಗದ ಹಿಂಸೆಯೂ ಒಂದೇ ಅಲ್ಲವೆಂದು ಹೇಳಿಕೊಡಬೇಕಾದುದಿಲ್ಲ. ರಕ್ತ ಕೆಂಪಾಗಿದ್ದರೆ ಕೆಡುವ ಹುಡುಗನು ಹಸಿರಾದರೆ ಉದ್ಧಾರವಾಗುವನೆಂಬ ತರ್ಕ ನಿಲ್ಲಲಾರದು. ಸಮಾಜದ ಕಣ್ಣು ಬಂದೂಕಿನ ಮೇಲೆ ನೆಟ್ಟಿರುವಾಗ ನಿಜವಾದ ವ್ಯವಹಾರ ಬೇರೊಂದು ಕಡೆ ಸದ್ದಿಲ್ಲದೆ ನಡೆದಿರುತ್ತದೆ.

ಆ ವ್ಯವಹಾರವೇ ಕೊಳ್ಳುವಿಕೆ. ಮೊಬೈಲಿನ ಈ ಆಟಕ್ಕೆ ಬೆಲೆಯಿಲ್ಲ, ಅದು ಉಚಿತ. ಆಟವನ್ನು ಕೊಳ್ಳಬೇಕಾಗಿಲ್ಲವಾದುದರಿಂದಲೇ ಆಟದೊಳಗೆ ಕೊಳ್ಳುವುದು ಎಂದಿಗೂ ಮುಗಿಯುವುದಿಲ್ಲ. ರೂಪಾಯಿಯನ್ನು ಮೊದಲು ಆಟದ ನಾಣ್ಯವಾಗಿ ಬದಲಿಸಬೇಕು. ಆ ನಾಣ್ಯದಿಂದ ಉಡುಪು, ಬಂದೂಕಿನ ಬಣ್ಣ, ವಾಹನದ ಅಲಂಕಾರಗಳನ್ನು ಪಡೆಯಬೇಕು. ಸ್ಕಿನ್ ಎಂದು ಹುಡುಗರು ಕರೆಯುವ ಇದಕ್ಕೆ ಕನ್ನಡದಲ್ಲಿ ವೇಷವೆಂಬ ಸೊಗಸಾದ ಪದವಿದೆ. ವೇಷದಿಂದ ಆಟಗಾರನ ಗುರಿ ಚುರುಕಾಗುವುದಿಲ್ಲ. ಸಂಗಡಿಗರ ನಡುವೆ ಮರ್ಯಾದೆ ಹೆಚ್ಚುತ್ತದೆ, ಅಷ್ಟೆ. ಇದನ್ನು ಮೂರ್ಖತನವೆಂದು ತಳ್ಳಿಹಾಕುವಂತಿಲ್ಲ. ನಾಲ್ವರ ಕಣ್ಣಿಗೆ ಬೀಳಬೇಕೆಂಬ ಆಸೆ ಮನುಷ್ಯಸಹಜವಾದುದು, ಯಾರ ಕಣ್ಣಿಗೂ ಬೀಳದ ಗಲ್ಲಿಯಲ್ಲಿ ಬೆಳೆದವನಿಗೆ ಇನ್ನೂ ಸಹಜವಾದುದು. ಆದರೆ ಯಕ್ಷಗಾನದ ಮೇಳದಲ್ಲಿ ವೇಷಕ್ಕೊಂದು ಕ್ರಮವಿತ್ತು. ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಪಳಗಿ, ವರ್ಷಗಳ ದುಡಿಮೆಯ ಬಳಿಕ ಕಲಾವಿದನು ದೊಡ್ಡ ಕಿರೀಟವನ್ನು ತಲೆಯ ಮೇಲೆ ಹೊರುತ್ತಿದ್ದನು. ಆಟದಲ್ಲಿಯೂ ಆಡಿ ಗಳಿಸಬಹುದಾದ ವೇಷಗಳಿವೆ. ಕಣ್ಣು ಕೋರೈಸುವವು ಮಾತ್ರ ಹಣ ತೆತ್ತವರಿಗೇ ಮೀಸಲು. ಗಳಿಸಿದ ವೇಷದ ಪಕ್ಕದಲ್ಲಿ ಕೊಂಡ ವೇಷ ನಿಂತು ಮೆರೆಯುವಾಗ ಹುಡುಗನು ಕಲಿಯುವ ಪಾಠ ಬಂದೂಕು ಕಲಿಸುವುದಕ್ಕಿಂತ ಆಳವಾದುದು.

ಇದಕ್ಕಿಂತ ಮುಂದಿನ ಹಂತ ಪೆಟ್ಟಿಗೆಯದು. ಹಣ ಕೊಟ್ಟು ಮುಚ್ಚಿದ ಪೆಟ್ಟಿಗೆಯನ್ನು ತೆರೆಯಬೇಕು. ಒಳಗೆ ಬಯಸಿದ ವೇಷವಿರಬಹುದು, ಕೆಲಸಕ್ಕೆ ಬಾರದ ಚಿಂದಿಯಿರಬಹುದು. ಜೈನ ಪರಂಪರೆ ಎಣಿಸಿದ ಸಪ್ತವ್ಯಸನಗಳಲ್ಲಿ ಜೂಜೂ ಬೇಟೆಯೂ ಬೇರೆ ಬೇರೆಯಾಗಿವೆ. ಈ ಆಟದಲ್ಲಿ ಬೇಟೆ ಕಲ್ಪಿತವಾದುದು, ಜೂಜು ಮಾತ್ರ ನಿಜವಾದುದು. ಏಕೆಂದರೆ ಗುಂಡು ತಗುಲಿದವನು ಮರುಕ್ಷಣ ಇನ್ನೊಂದು ಆಟಕ್ಕೆ ಇಳಿಯುತ್ತಾನೆ, ಪೆಟ್ಟಿಗೆಗೆ ಹೋದ ರೂಪಾಯಿ ಮರಳಿ ಬರುವುದಿಲ್ಲ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿಯೇ ಕೆಲವು ಆಟಗಳ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ತೀರ್ಮಾನಿಸಿತು. ಪಬ್‌ಜಿಯ ತವರಾದ ದಕ್ಷಿಣ ಕೊರಿಯದಲ್ಲಿ, ಪೆಟ್ಟಿಗೆಯಿಂದ ಯಾವ ವಸ್ತು ಎಷ್ಟು ಪ್ರಮಾಣದಲ್ಲಿ ದೊರೆಯಬಹುದೆಂಬುದನ್ನು ಬಹಿರಂಗಪಡಿಸುವುದು 2024ರ ಮಾರ್ಚ್ 22ರಿಂದ ಕಾನೂನಿನಂತೆ ಕಡ್ಡಾಯವಾಗಿದೆ. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿತು. ಆದರೆ ಪೆಟ್ಟಿಗೆಯಿಂದ ಬರುವುದು ಹಣವಲ್ಲ, ವೇಷ. ಆದುದರಿಂದ ಕಾಯ್ದೆ ಬಂದಿತೆಂದು ತಾಯ್ತಂದೆಯರು ನಿಶ್ಚಿಂತರಾಗುವಂತಿಲ್ಲ.

2021ರಲ್ಲಿ ಆಟದ ಸಂಸ್ಥೆ ಕೆಲವು ಮಿತಿಗಳನ್ನು ತಾನಾಗಿ ಹಾಕಿಕೊಂಡುದು ನಿಜ. 18 ವರ್ಷದೊಳಗಿನವರು ಪೋಷಕರ ಒಪ್ಪಿಗೆ ಪಡೆಯಬೇಕು, ದಿನಕ್ಕೆ 3 ಗಂಟೆ ಮಾತ್ರ ಆಡಬೇಕು, ದಿನಕ್ಕೆ 7000 ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಬಾರದು ಎಂಬುವು ಅವು. ತಿಂಗಳಿಗೆ ಹದಿನೈದೋ ಇಪ್ಪತ್ತೋ ಸಾವಿರ ಬರುವ ಮನೆಗೆ ದಿನಕ್ಕೆ 7000 ಎಂಬುದು ಮಿತಿಯೆನಿಸೀತೆ? ಇನ್ನು ಒಪ್ಪಿಗೆಯ ವಿಚಾರ. ಇಡೀ ಮನೆಗೆ ಒಂದೇ ಫೋನಿದ್ದು, ಆ ಫೋನು ಮಗನ ಕೈಯಲ್ಲಿರುವಾಗ, ತಾಯಿಯ ಹೆಸರಿನಲ್ಲಿ ಒಪ್ಪಿಗೆ ಕೊಡುವವನು ಮಗನೇ. ಹಣ ಕಳುಹಿಸುವ ಗುಪ್ತಸಂಖ್ಯೆಯನ್ನು ತಾಯಿಗೆ ಕಲಿಸಿಕೊಟ್ಟವನೂ ಹಲವು ಮನೆಗಳಲ್ಲಿ ಅವನೇ. ಇಲ್ಲಿ ಬೇಕಾಗಿರುವುದು ಪೊಲೀಸರಲ್ಲ. ತಾಯಿಗೆ ಅರ್ಥವಾಗುವ ಭಾಷೆಯಲ್ಲಿ, ಏನನ್ನು ಕೊಳ್ಳಲಾಗುತ್ತಿದೆಯೆಂಬ ಸ್ಪಷ್ಟವಾದ ವಿವರ.

ಭಾಷೆಯ ಪ್ರಶ್ನೆ ಇನ್ನೊಂದು ದಾರಿಯಿಂದಲೂ ಎದುರಾಗುತ್ತದೆ. ಈ ಆಟವನ್ನು ನಾಲ್ವರ ತಂಡವಾಗಿ ಆಡುವಾಗ ಮಾತಿಲ್ಲದೆ ಸಾಗುವುದಿಲ್ಲ. ಶತ್ರು ಯಾವ ದಿಕ್ಕಿನಲ್ಲಿದ್ದಾನೆ, ಯಾರಲ್ಲಿ ಔಷಧವಿದೆ, ಬಿದ್ದವನನ್ನು ಎಬ್ಬಿಸಲು ಯಾರು ಹೋಗಬೇಕು ಎಂಬುದನ್ನೆಲ್ಲ ಕ್ಷಣಾರ್ಧದಲ್ಲಿ ನುಡಿಯಬೇಕು. ತಮ್ಮೂರಿನ ಸೋದರಬಂಧುಗಳೊಡನೆ ಆಡುವ ಮುಂಬಯಿಯ ಹುಡುಗನಿಗೆ ಆ ನುಡಿ ಕನ್ನಡವಾಗಬಲ್ಲದು. ‘ಅಣ್ಣಾ ಕವರ್ ಕೊಡು’, ‘ಝೋನ್ ಬಂತು, ಓಡು’, ‘ಅವನು ನಾಕ್ ಆದ’ ಎಂಬ ಮಾತುಗಳಲ್ಲಿ ನಾಮಪದಗಳು ಹೊರಗಿನವು; ಕ್ರಿಯಾಪದ, ಸರ್ವನಾಮ, ಸಂಬೋಧನೆಗಳು ಕನ್ನಡದವು. ಭಾಷೆಯೊಂದು ಜೀವಂತವಾಗಿದೆಯೆಂಬುದರ ಲಕ್ಷಣವೇ ಇದು. ಒಂದು ಕಾಲಕ್ಕೆ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಕ್ಷರದೊಡನೆ ಸಂಗವನ್ನೂ ಕೊಟ್ಟವು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂತಹ ಸಂಸ್ಥೆಗಳು ಹಗಲಿನಲ್ಲಿ ಆ ಕೆಲಸವನ್ನು ಮಾಡಿದವು. ನಗರದಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಕ್ಷೀಣಿಸಿರುವ ಈ ದಿನಗಳಲ್ಲಿ, ಮನೆಯಾಚೆಗೆ ತನ್ನ ವಯಸ್ಸಿನವರೊಡನೆ ಕನ್ನಡವನ್ನಾಡುವ ಅವಕಾಶ ಎಲ್ಲಿ ದೊರೆತರೂ ಅದನ್ನು ಹಗುರವಾಗಿ ಕಾಣಬಾರದು. ಅದು ರಾತ್ರಿಶಾಲೆಗೆ ಬದಲಿಯಾಗಲಾರದು, ಅಕ್ಷರವನ್ನು ಕಲಿಸಲಾರದು. ಆದರೆ ನಾಲಗೆಯನ್ನು ಮರೆಯಗೊಡದು. ಅಪರಿಚಿತರೊಡನೆ ಆಡುವಾಗ ಅದೇ ಆಟ ಹುಡುಗನ ಬಾಯಿಗೆ ಬೈಗುಳನ್ನು ತುಂಬುತ್ತದೆಂಬುದೂ ಅಷ್ಟೇ ಸತ್ಯ. ಆದುದರಿಂದಲೇ ಎಷ್ಟು ಹೊತ್ತು ಆಡಿದನೆಂಬುದರ ಜೊತೆಗೆ ಯಾರೊಡನೆ ಆಡಿದನೆಂಬುದನ್ನೂ ಕೇಳಬೇಕು.

ಹೀಗೆ ಚೆನ್ನೆಮಣೆಯ ಮೂರು ಕಟ್ಟಳೆಗಳು ಹೊಸ ರೂಪದಲ್ಲಿ ಮರಳುತ್ತವೆ. ಯಾರೊಡನೆ: ಬಲ್ಲವರೊಡನೆ, ಸಾಧ್ಯವಾದಷ್ಟೂ ತನ್ನ ನುಡಿಯವರೊಡನೆ. ಯಾವಾಗ: ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ. ಏನನ್ನು ಪಣವಾಗಿಟ್ಟು: ಮನೆಯ ರೂಪಾಯಿಯನ್ನು ಖಂಡಿತವಾಗಿ ಅಲ್ಲ, ಪೆಟ್ಟಿಗೆಯನ್ನು ತೆರೆಯಲೇಬಾರದು. ಈ ಮೂರರ ಪಾಲನೆಗೆ ಸರ್ಕಾರಕ್ಕಿಂತ ಮನೆ ಸಮರ್ಥವಾದುದು, ಮನೆಗೆ ನೆರವಾಗಲು ನೆರೆಯ ಕನ್ನಡ ಸಂಘ ಸಮರ್ಥವಾದುದು. ಭಜನೆ, ಯಕ್ಷಗಾನ, ಕ್ರೀಡಾಕೂಟಗಳನ್ನು ನಡೆಸುವ ಸಂಘವೊಂದು ವರ್ಷಕ್ಕೊಂದು ಬಾರಿ ಹುಡುಗರನ್ನು ಕೂಡಿಸಿ, ಕನ್ನಡದಲ್ಲಿಯೇ ಮಾತನಾಡುತ್ತ ಆಡಬೇಕೆಂಬ ಒಂದೇ ನಿಯಮದ ಪಂದ್ಯವನ್ನು ಏರ್ಪಡಿಸಿದರೆ, ಆ ದಿನ ತಾಯ್ತಂದೆಯರೂ ಪಕ್ಕದಲ್ಲಿ ಕುಳಿತು ಮಕ್ಕಳು ಏನು ಆಡುತ್ತಾರೆಂದು ನೋಡಬಹುದು.

ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳಿಗೂ ಇಲ್ಲೊಂದು ಕರ್ತವ್ಯವಿದೆ. ಜನಪದ ಆಟಗಳನ್ನು ಸಂಗ್ರಹಿಸುವ ಕಾರ್ಯವನ್ನು ವಿದ್ವಾಂಸರು ಕೈಗೆತ್ತಿಕೊಳ್ಳುವ ವೇಳೆಗೆ ಎಷ್ಟೋ ಆಟಗಳ ನಿಯಮಗಳೂ ಪದಗಳೂ ಹಿರಿಯರೊಡನೆ ಮಣ್ಣಾಗಿದ್ದವು. ಹೊಸ ಆಟದ ನುಡಿ ಕಣ್ಣೆದುರಿಗೇ ಹುಟ್ಟುತ್ತಿದೆ. ಅದು ಚೆನ್ನೆಮಣೆಗಿಂತ ಬೇಗನೆ ಅಳಿಯುವ ಸ್ವಭಾವದ್ದು, ಏಕೆಂದರೆ ಒಂದು ಸರ್ಕಾರಿ ಆದೇಶದಿಂದಲೋ ಒಂದು ಸಂಸ್ಥೆಯ ಲೆಕ್ಕಾಚಾರದಿಂದಲೋ ಆಟವೇ ಇಲ್ಲವಾಗಬಹುದು. ಆಂಟಾಪ್ ಹಿಲ್‌ನ ಗಲ್ಲಿಯಿಂದ ಎಂ.ಎ. ತರಗತಿಗೆ ಬಂದ ವಿದ್ಯಾರ್ಥಿಯೊಬ್ಬನು ತನ್ನ ಓಣಿಯ ಹುಡುಗರ ಈ ಮಾತುಗಳನ್ನು ಬರೆದಿಟ್ಟುಕೊಂಡು ಬಂದರೆ, ಅದು ಸಂಶೋಧನೆಯ ವಿಷಯವೇ ಅಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸದಿರುವಷ್ಟು ಔದಾರ್ಯ ವಿಭಾಗಗಳಿಗೆ ಇರಬೇಕು.