ಮಗು, ಅವನು, ಅವಳು

ಚಿತ್ರಕಥೆ ಎಂದ ಕೂಡಲೇ ಅದು ಚಿಕ್ಕ ಮಕ್ಕಳ ಓದು, ಬೇಸಿಗೆ ರಜೆಯಲ್ಲಿ ತಿರುವಿ ಹಾಕಿ ಮೂಲೆಗೆಸೆಯುವಂಥದ್ದು ಎಂದೇ ನಮ್ಮಲ್ಲಿ ಬಹಳ ಮಂದಿಯ ಎಣಿಕೆ. ಜಪಾನಿನಲ್ಲಿ ಹಾಗಿಲ್ಲ. ಅಲ್ಲಿ 'ಮಾಂಗಾ' ಎಂದು ಕರೆಯುವ ಚಿತ್ರಕಥೆಗಳಿಗಾಗಿ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ, ದೊಡ್ಡವರಿಗೆ ಬೇರೆ ಪತ್ರಿಕೆಗಳೇ ಇವೆ. ಮೊದಲು ಧಾರಾವಾಹಿಯಾಗಿ ಬಂದು, ಆಮೇಲೆ ಸಂಪುಟಗಳಾಗಿ ಪುಸ್ತಕದಂಗಡಿ ಸೇರುವುದು ವಾಡಿಕೆ. ಹಾಗೆ ಬಂದು, ಇಂಗ್ಲಿಷಿಗೂ ಅನುವಾದಗೊಂಡು, ಓದಿದವರನ್ನು ಬಗೆಬಗೆಯಾಗಿ ಯೋಚಿಸುವಂತೆ ಮಾಡಿದ ಒಂದು ಕೃತಿಯ ಬಗ್ಗೆ ಈ ವಾರ ಹೇಳುತ್ತೇನೆ. ವಿದ್ಯಾರ್ಥಿಗಳೂ ಓದಿ, ಓದಿದ ಮೇಲೆ ಪುರವಣಿಯನ್ನು ಅಪ್ಪ ಅಮ್ಮನ ಕೈಗೂ ಕೊಡಿ.

ಕೃತಿಯ ಹೆಸರು 'ಹೋರೋ ಮುಸುಕೋ'. ಅಲೆಮಾರಿ ಮಗ ಎಂದು ಅರ್ಥ ಹೇಳಬಹುದು. ಬರೆದು ಚಿತ್ರಿಸಿದವರು ಶಿಮುರಾ ತಾಕಾಕೊ. 2002ರಿಂದ 2013ರವರೆಗೆ 'ಕಾಮಿಕ್ ಬೀಮ್' ಎಂಬ ಮಾಸಪತ್ರಿಕೆಯಲ್ಲಿ ನಡೆದ ಕಥೆ ಒಟ್ಟು 15 ಸಂಪುಟಗಳಾಯಿತು. 2011ರಲ್ಲಿ ಜಪಾನಿನ ಟಿ.ವಿ.ಯಲ್ಲಿ 11 ಕಂತುಗಳ ಸರಣಿಯಾಗಿಯೂ ಬಂತು. ಅದೇ ವರ್ಷ ಅಮೆರಿಕದ ಸಿಯಾಟಲ್‌ನ ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನ 'ವಾಂಡರಿಂಗ್ ಸನ್' ಎಂಬ ಹೆಸರಿನಲ್ಲಿ ಅನುವಾದವನ್ನು ತರಲು ತೊಡಗಿತು. ಅನುವಾದಿಸಿದವರು ಕ್ಯೋಟೋ ಸೇಕಾ ವಿಶ್ವವಿದ್ಯಾಲಯದಲ್ಲಿ ಮಾಂಗಾ ಕುರಿತು ಪಾಠ ಹೇಳಿದ ರೇಚಲ್ ಥಾರ್ನ್.

ಕಥೆ ಶುರುವಾಗುವುದು ಐದನೇ ತರಗತಿಯಲ್ಲಿ. ನಿತೋರಿ ಶುಇಚಿ ಹೊಸ ಶಾಲೆಗೆ ಸೇರಿದ ಮಗು. ಹುಟ್ಟಿದ್ದು ಹುಡುಗನಾಗಿ, ಆದರೆ ತಾನು ಹುಡುಗಿಯಾಗಿರಬೇಕು ಎಂಬುದು ಆ ಮಗುವಿನ ಮನಸ್ಸಿನ ಆಳದ ಆಸೆ. ಪಕ್ಕದಲ್ಲಿ ಕೂರುವ ತಾಕಾತ್ಸುಕಿ ಯೋಶಿನೋಳದು ಇದಕ್ಕೆ ತದ್ವಿರುದ್ಧ. ಅಮ್ಮ ಕೊಳ್ಳುವ ಝಾಲರಿಯ ಫ್ರಾಕುಗಳು ಅವಳಿಗೆ ಬೇಡ, ಹುಡುಗರ ಅಂಗಿ ಬೇಕು. ಇಬ್ಬರೂ ತಮ್ಮ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ವಯಸ್ಸು ಸುಮ್ಮನಿರುತ್ತದೆಯೇ? ಒಬ್ಬರಿಗೆ ಗಂಟಲು ಒಡೆಯುವ ಭಯ, ಇನ್ನೊಬ್ಬರಿಗೆ ಮುಟ್ಟಿನ ದಿಗಿಲು. ಹೊಡೆದಾಟವಿಲ್ಲ, ಖಳನಾಯಕನಿಲ್ಲ. ಶಾಲೆ, ಮನೆ, ಗೆಳೆತನ, ಮುನಿಸು - ಇಷ್ಟೇ.

ಓದುಗರಿಂದ ಮೊದಲು ಬಂದ ಆಕ್ಷೇಪ ಇದು: ಹತ್ತು ಹನ್ನೊಂದು ವರ್ಷದ ಮಕ್ಕಳು ಇಷ್ಟು ಗಂಭೀರವಾಗಿ ಯೋಚಿಸುತ್ತಾರೆಯೇ? ಇದು ದೊಡ್ಡವರು ಮಕ್ಕಳ ಬಾಯಲ್ಲಿ ಆಡಿಸಿದ ಮಾತಲ್ಲವೇ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಕಥೆ ಬಂದದ್ದು ದೊಡ್ಡವರು ಓದುವ ಪತ್ರಿಕೆಯಲ್ಲಿ, ಮಕ್ಕಳ ಮಾತೂ ಕೆಲವೆಡೆ ತೂಗಿ ಇಟ್ಟ ಹಾಗಿದೆ. ಆದರೆ ಮಾತಿನ ಧಾಟಿ ಬೇರೆ, ಒಳಗಿನ ಸಂಕಟ ಬೇರೆ. ಜಪಾನಿನ ಶಿಕ್ಷಣ ಸಚಿವಾಲಯ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಿ. ತಮ್ಮ ದೇಹಕ್ಕೂ ಮನಸ್ಸಿಗೂ ಹೊಂದಿಕೆಯಿಲ್ಲವೆಂದು ಶಾಲೆಗಳಲ್ಲಿ ಹೇಳಿಕೊಂಡ ವಿದ್ಯಾರ್ಥಿಗಳ 606 ಪ್ರಕರಣಗಳು ಅದರಲ್ಲಿ ದಾಖಲಾದವು. ಅವುಗಳಲ್ಲಿ 93 ಪ್ರಾಥಮಿಕ ಶಾಲೆಯ ಮಕ್ಕಳವು. ಇವು ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ. ಬಾಯಿಬಿಡದವರನ್ನು ಯಾವ ಸಮೀಕ್ಷೆ ಎಣಿಸೀತು? ಈ ಹಾದಿಯಲ್ಲೇ ಬೆಳೆದು ಬಂದ ಓದುಗರಂತೂ ಇಲ್ಲಿ ತಮ್ಮ ಬಾಲ್ಯವನ್ನೇ ಕಂಡರು.

ಎರಡನೆಯ ಪ್ರತಿಕ್ರಿಯೆ ಹುಟ್ಟಿದ್ದು ಸಮವಸ್ತ್ರದ ಪ್ರಸಂಗದಿಂದ. ಕಥೆಯ ಜೀವ ಇರುವುದೇ ಅಲ್ಲಿ ಎಂದು ನನ್ನ ಅನಿಸಿಕೆ. ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಸಮವಸ್ತ್ರವಿರುವುದು ರೂಢಿ. ಸರಾಶಿನಾ ಚಿಝುರು ಎಂಬ ಎತ್ತರದ ಹುಡುಗಿ ಸುಮ್ಮನೆ ಮನಸ್ಸಿಗೆ ಬಂತೆಂದು ಒಂದು ದಿನ ಹುಡುಗರ ಸಮವಸ್ತ್ರ ತೊಟ್ಟು ಬರುತ್ತಾಳೆ. ಎಲ್ಲರಿಗೂ ಸೋಜಿಗ, ಕೆಲವರಿಗೆ ಮೆಚ್ಚುಗೆ. ಆಮೇಲೆ ತಾಕಾತ್ಸುಕಿಯೂ ಹಾಗೇ ಬರುತ್ತಾಳೆ. ಅದೂ ನಡೆದುಹೋಗುತ್ತದೆ. ಕೊನೆಗೆ ನಿತೋರಿ ಧೈರ್ಯ ಮಾಡಿ ಹುಡುಗಿಯರ ಸಮವಸ್ತ್ರದಲ್ಲಿ ಶಾಲೆಗೆ ಕಾಲಿಟ್ಟಾಗ ಏನಾಯಿತು? ನಗು, ಗುಸುಗುಸು, ಅಡ್ಡಹೆಸರು. ಮನೆಗೆ ಸುದ್ದಿ ಮುಟ್ಟುತ್ತದೆ. ತರಗತಿಯಲ್ಲಿ ಕೂರಲಾಗದ ಮಗುವಿಗೆ ಶಾಲೆಯ ಶುಶ್ರೂಷಾ ಕೊಠಡಿಯೇ ಆಸರೆಯಾಗುತ್ತದೆ.

ಮೂವರೂ ಮಾಡಿದ್ದು ಒಂದೇ ಕೆಲಸ. ಇಬ್ಬರಿಗೆ ಸಿಕ್ಕಿದ್ದು ಸಲಿಗೆ, ಒಬ್ಬರಿಗೆ ಸಿಕ್ಕಿದ್ದು ಶಿಕ್ಷೆ. ಹುಡುಗಿ ಪ್ಯಾಂಟು ತೊಟ್ಟರೆ ದಿಟ್ಟೆ, ಹುಡುಗ ಲಂಗ ತೊಟ್ಟರೆ ನಗೆಪಾಟಲು. ಏಕೆ? ಗಂಡಾಗಲು ಹೊರಟರೆ ಮೇಲಕ್ಕೆ ಏರಿದಂತೆ, ಹೆಣ್ಣಾಗಲು ಹೊರಟರೆ ಕೆಳಕ್ಕೆ ಇಳಿದಂತೆ ಎಂಬ ಲೆಕ್ಕಾಚಾರ ನಮ್ಮ ತಲೆಯಲ್ಲಿ ಕೂತಿದೆ. ನಿತೋರಿಯನ್ನು ನೋಡಿ ನಕ್ಕವರು ಆ ಮಗುವನ್ನಷ್ಟೇ ಹಂಗಿಸಲಿಲ್ಲ. ಹೆಣ್ಣಾಗಿರುವುದೇ ಕಡಿಮೆ ಎಂದು ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ತಂದೆತಾಯಂದಿರು ಇದನ್ನು ಒಂದು ಗಳಿಗೆ ಯೋಚಿಸಬೇಕು.

ಮೂರನೆಯದು ಭಾಷೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯಲು ಕೂತವರೆಲ್ಲ ನಿತೋರಿಯನ್ನು 'ಹೀ' ಎನ್ನಬೇಕೋ 'ಶೀ' ಎನ್ನಬೇಕೋ ಎಂದು ತಡವರಿಸಿದರು. ಜಪಾನೀ ಭಾಷೆಯ ರೀತಿ ಬೇರೆ. ಅಲ್ಲಿ 'ನಾನು' ಎನ್ನಲು ಹಲವು ಪದಗಳಿವೆ. 'ಬೊಕು', 'ಒರೆ' ಎಂದರೆ ಹುಡುಗರ ಮಾತು. 'ಅತಾಶಿ' ಎಂದರೆ ಹುಡುಗಿಯರದು. ಹೆಸರಿನ ಬಾಲಕ್ಕೆ ಹುಡುಗರಿಗಾದರೆ ಸಾಮಾನ್ಯವಾಗಿ 'ಕುನ್' ಸೇರಿಸುತ್ತಾರೆ. ಕಥೆಯಲ್ಲಿ ಎಲ್ಲರೂ 'ನಿತೋರಿ-ಕುನ್' ಎಂದು ಕರೆದಾಗಲೆಲ್ಲ ಆ ಮಗುವಿಗೆ ನೀನು ಹುಡುಗ ಎಂದು ನೆನಪಿಸಿದಂತೆಯೇ. ಅನುವಾದದಲ್ಲಿ ಈ ಬಾಲಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ನಮ್ಮ ಕನ್ನಡದ ವ್ಯವಸ್ಥೆ ಇದಕ್ಕೆ ನೇರ ವಿರುದ್ಧ. 'ನಾನು ಬಂದೆ' ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ತನ್ನ ಬಗ್ಗೆ ತಾನು ಹೇಳಿಕೊಳ್ಳುವಾಗ ನಮಗೆ ಸಂಪೂರ್ಣ ಸ್ವಾತಂತ್ರ್ಯ. ಇನ್ನೊಬ್ಬರು ನಮ್ಮ ಬಗ್ಗೆ ಹೇಳುವಾಗ ಮಾತ್ರ 'ಬಂದ', 'ಬಂದಳು' ಎಂದು ಕ್ರಿಯಾಪದವೇ ಗೆರೆ ಎಳೆದುಬಿಡುತ್ತದೆ. ಆದರೆ 'ಮಗು ಬಂತು' ಎನ್ನಬಹುದು; ಗೌರವದಿಂದ 'ಅವರು ಬಂದರು' ಎಂದರೂ ತೊಂದರೆಯಿಲ್ಲ. ನಾನು ಇಲ್ಲಿಯವರೆಗೆ ನಿತೋರಿಯನ್ನು ಮಗು ಎಂದೇ ಕರೆದದ್ದನ್ನು ನೀವು ಗಮನಿಸಿರಬಹುದು. ಮಗುವಿಗೂ ಅವರಿಗೂ ನಡುವಿನ ಆ ಹತ್ತು ವರ್ಷಗಳಲ್ಲೇ ನಾವು ಮಕ್ಕಳನ್ನು ಗೆರೆಯ ಈಚೆ ಆಚೆ ನಿಲ್ಲಿಸುವುದು. ಪೇಚಾಟವೂ ಆಗಲೇ.

ಇನ್ನು ಕೊನೆಯ ಪ್ರತಿಕ್ರಿಯೆ. ಇಂಗ್ಲಿಷ್ ಅನುವಾದ 8 ಸಂಪುಟಗಳಿಗೇ ನಿಂತುಹೋಯಿತು. ಮುಂದಿನದನ್ನು ಜಪಾನೀ ಬಲ್ಲವರಿಂದ ಕೇಳಿ ತಿಳಿದವರೇ ಹೆಚ್ಚು. ಕಥೆಯ ಕೊನೆಗೆ ನಿತೋರಿಯ ಮನಸ್ಸು ಬದಲಾಗುವುದಿಲ್ಲ. ಅವಳು ಹೆಣ್ಣಾಗಿ ಬದುಕುವ ದಾರಿ ಹಿಡಿಯುತ್ತಾಳೆ. ತಾಕಾತ್ಸುಕಿಗೆ ಮಾತ್ರ ಹುಡುಗನಾಗಬೇಕೆಂಬ ಆಸೆ ಬರಬರುತ್ತಾ ಕರಗಿ, ತಾನಿರುವ ಹಾಗೇ ಇರಬಲ್ಲೆ ಎನಿಸುತ್ತದೆ. ಇದಕ್ಕೆ ಅನೇಕ ಓದುಗರು ಸಿಟ್ಟಾದರು. ತಾಕಾತ್ಸುಕಿಯಲ್ಲಿ ತಮ್ಮನ್ನು ಕಂಡುಕೊಂಡಿದ್ದವರಿಗೆ ಇದು ನಡುನೀರಿನಲ್ಲಿ ಕೈಬಿಟ್ಟಂತಾಯಿತು. 'ವಯಸ್ಸಿನ ಹುಚ್ಚು, ತಾನೇ ಹೋಗುತ್ತದೆ' ಎನ್ನುವವರ ಕೈಗೆ ಕೋಲು ಕೊಟ್ಟ ಹಾಗಾಯಿತಲ್ಲ ಎಂಬುದು ಅವರ ದೂರು.

ದೂರು ಅರ್ಥವಾಗುವಂಥದ್ದೇ. ಆದರೂ ನನಗೆ ಈ ಮುಕ್ತಾಯ ಸುಳ್ಳೆನಿಸುವುದಿಲ್ಲ. ಕೋಲು ಹಿಡಿಯುವವರು ಕಥೆಯ ಅರ್ಧವನ್ನಷ್ಟೇ ಓದುತ್ತಾರೆ. ಇಬ್ಬರೂ ಐದನೇ ತರಗತಿಯಲ್ಲಿ ಒಂದೇ ಬೆಂಚಿನಿಂದ ಹೊರಟವರು. ಯಾರದು ಉಳಿಯುತ್ತದೆ, ಯಾರದು ಕರಗುತ್ತದೆ ಎಂದು ಅಂದೇ ಹೇಳಬಲ್ಲ ಅಪ್ಪ ಅಮ್ಮ ಯಾರಿದ್ದಾರೆ? ಹೇಳಲಾಗದಿದ್ದ ಮೇಲೆ ಇಬ್ಬರಿಗೂ ಬೇಕಾದದ್ದು ಒಂದೇ: ಹೊಡೆಯದೆ, ನಗದೆ, ಅಡ್ಡಹೆಸರಿಡದೆ ಕೇಳಿಸಿಕೊಳ್ಳುವ ಕಿವಿ. ಮಗು ಹೇಳಿದ ದಿನವೇ ಹಣೆಪಟ್ಟಿ ಅಂಟಿಸುವ ಅವಸರ ಬೇಡ. ಅಂಥದ್ದೇನೂ ಇಲ್ಲವೆಂದು ಒರೆಸಿಹಾಕುವ ಅವಸರವಂತೂ ಖಂಡಿತ ಬೇಡ.

ಕಥೆ ಮುಗಿದ ಮೇಲೆ ಜಪಾನು ಸ್ವಲ್ಪ ಮುಂದೆ ನಡೆದಿದೆ. 2015ರಲ್ಲಿ ಶಿಕ್ಷಣ ಸಚಿವಾಲಯ ಶಾಲೆಗಳಿಗೆ ಒಂದು ಸೂಚನೆ ಕಳಿಸಿ, ಇಂಥ ವಿದ್ಯಾರ್ಥಿಗಳಿಗೆ ಅವರ ಮನಸ್ಸಿಗೊಪ್ಪುವ ಸಮವಸ್ತ್ರ, ಸಿಬ್ಬಂದಿಯ ಶೌಚಾಲಯದ ಬಳಕೆ ಮುಂತಾದ ಅನುಕೂಲಗಳನ್ನು ಉದಾಹರಣೆ ಸಹಿತ ವಿವರಿಸಿತು. ದಾಖಲೆಯಲ್ಲಿ ಲಿಂಗ ಬದಲಿಸಲು ಸಂತಾನಶಕ್ತಿಯನ್ನೇ ಕಳೆದುಕೊಂಡಿರಬೇಕು ಎಂದು 2003ರ ಕಾನೂನು ಹಾಕಿದ್ದ ಷರತ್ತನ್ನು 2023ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಂವಿಧಾನಬಾಹಿರ ಎಂದಿತು. ಆದರೆ ತರಗತಿಯ ನಗುವನ್ನು ನಿಲ್ಲಿಸಲು ಯಾವ ಕೋರ್ಟಿಗೂ ಆಗುವುದಿಲ್ಲ. ಅದು ಬೆಂಚಿನ ಮೇಲೆ ಕೂತವರ ಕೆಲಸ.

ಪ್ರೌಢಶಾಲೆಯ ಮೇಲಿನ ವಿದ್ಯಾರ್ಥಿಗಳು ಪುಸ್ತಕ ಸಿಕ್ಕರೆ ಖಂಡಿತ ಓದಿ. ಪುಟಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹೆಸರುಗಳೂ ಮುಖಗಳೂ ಮೊದಮೊದಲು ಗೊಂದಲ ಮಾಡುತ್ತವೆ. ಸ್ವಲ್ಪ ತಾಳ್ಮೆ ಇರಲಿ. ಓದಿದ ಮೇಲೆ ನಿಮ್ಮ ತರಗತಿಯನ್ನು ಒಮ್ಮೆ ಸುತ್ತ ನೋಡಿ. ಅಡ್ಡಹೆಸರು ಹೊತ್ತು ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತವರು ಯಾರಾದರೂ ಇದ್ದರೆ, ನಾಳೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.