ಅಪೊಲೊ ವೇದಿಕೆ ಮೇಲೆ ಓದಿ ನೋಡಿ



ಅಮೆರಿಕದ ಬೀಟ್ ಕವಿಗಳ ದನಿ ಈಗ ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ. ಕೇಳಿ, ಬೇಡ ಅನ್ನೋದಿಲ್ಲ. 1955ರ ಅಕ್ಟೋಬರ್ 7ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದ ಸಿಕ್ಸ್ ಗ್ಯಾಲರಿಯಲ್ಲಿ ಅಲೆನ್ ಗಿನ್ಸ್‌ಬರ್ಗ್ ‘ಹೌಲ್’ ಓದಿದಾಗ ಇಂಗ್ಲಿಷ್ ಪದ್ಯ ಕಾಲೇಜಿನ ಬೆಂಚು ಬಿಟ್ಟು ಎದ್ದು ಬಂತು. 1957ರಲ್ಲಿ ಅದನ್ನು ಅಶ್ಲೀಲ ಅಂತ ಕೋರ್ಟಿಗೆ ಎಳೆದರು, ಗೆದ್ದು ಹೊರಬಂತು. ಆ ಎದೆಗಾರಿಕೆ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು, ದಂಗೆ ಅಂದರೆ ಇದೇ, ನೀವೂ ಹೀಗೇ ಬರೀರಿ ಅಂತ ಹಾಸ್ಟೆಲ್ ಹುಡುಗರಿಗೆ ಪಾಠ ಹೇಳುವ ಮೇಲ್ಜಾತಿ ಬುದ್ಧಿವಂತರ ಮೇಲೆ. ಮನೆಬಿಟ್ಟು ಅಲೆದರೆ ಅವರಿಗೆ ದಂಗೆ. ನಮ್ಮ ಅವ್ವ ಅಪ್ಪ ಬರಗಾಲದಲ್ಲಿ ಗಂಟುಮೂಟೆ ಕಟ್ಟಿ ಗುಳೆ ಹೋದರೆ ಅದಕ್ಕೆ ಯಾರು ಪದ್ಯ ಕಟ್ಟಿದರು?

1959ರಲ್ಲಿ ಜ್ಯಾಕ್ ಕೆರೊವಾಕ್ ಓದಿದ ರೆಕಾರ್ಡು ಬಂತು, ಸ್ಟೀವ್ ಆಲನ್ನನ ಪಿಯಾನೋ ಜೊತೆ. ಆ ಓದಿನ ಉಸಿರು ಜಾಜ್ ಸಂಗೀತದ್ದು. ಜಾಜ್ ಯಾರದು? ಕಪ್ಪು ಜನರದು. ಇದನ್ನು ಅವನು ಮುಚ್ಚಿಡಲಿಲ್ಲ, ಚಾರ್ಲಿ ಪಾರ್ಕರನನ್ನು ಹೊಗಳಿಯೇ ಓದಿದ. ಆದರೆ ಅವನ 1957ರ ಕಾದಂಬರಿ ‘ಆನ್ ದ ರೋಡ್’ನಲ್ಲಿ ಕಥೆ ಹೇಳುವ ಬಿಳಿಯ, ಡೆನ್ವರಿನ ಕಪ್ಪು ಜನರ ಕೇರಿಯಲ್ಲಿ ನಡೀತಾ, ತಾನೂ ಕಪ್ಪು ಮನುಷ್ಯ ಆಗಬಾರದಿತ್ತೇ ಅಂತ ಹಂಬಲಿಸುತ್ತಾನೆ. ಹಾರ್ಲೆಮ್ಮಿನಲ್ಲೇ ಹುಟ್ಟಿದ ಜೇಮ್ಸ್ ಬಾಲ್ಡ್‌ವಿನ್ ಬಿಡಲಿಲ್ಲ: ಇದನ್ನು ಹಾರ್ಲೆಮ್ಮಿನ ಅಪೊಲೊ ಥಿಯೇಟರಿನ ವೇದಿಕೆ ಮೇಲೆ ಗಟ್ಟಿಯಾಗಿ ಓದುವ ಹುಚ್ಚು ಮಾಡಿದರೆ ಇವನ ಗತಿ ಏನಾದೀತು ಅಂತ ಕೇಳಿದ.

ಬಾಯಲ್ಲಿ ಹೇಳುವ ಪದ್ಯಕ್ಕೆ ಇದೇ ಪರೀಕ್ಷೆ. ಯಾರ ಮುಂದೆ ನಿಂತು ಹೇಳ್ತೀಯಪ್ಪ? ನಮ್ಮಲ್ಲೂ ಜಾತಿ ಬಿಟ್ಟೆ ಅಂತ ಗಡ್ಡ ಬಿಟ್ಟವರಿದ್ದಾರೆ. ರಾತ್ರಿ ಮನೆಗೆ ಹೋದರೆ ಅಮ್ಮ ತಟ್ಟೆ ಹಾಕಿ ಕಾದಿರುತ್ತಾಳೆ. ಅವರು ತಮ್ಮ ಹಸಿವಿನ ಪದ್ಯವನ್ನ ನಮ್ಮ ಕೇರಿಗೆ ಬಂದು ಓದಲಿ, ನೋಡೋಣ.

ಬೀಟ್ ಗುಂಪಿನಲ್ಲೇ ಬಾಬ್ ಕಾಫ್‌ಮನ್ ಇದ್ದ, ಕಪ್ಪು ಮನುಷ್ಯ. ಸ್ಯಾನ್‌ಫ್ರಾನ್ಸಿಸ್ಕೋದ ಬೀದಿ, ಕಾಫಿ ಅಂಗಡಿಗಳಲ್ಲಿ ನಿಂತು ಪದ್ಯ ಹೇಳಿದ. ಪೊಲೀಸರು ಮತ್ತೆ ಮತ್ತೆ ಹಿಡಿದು ಒಳಗೆ ಹಾಕಿದರು. ಹೆಂಡತಿ ಐಲೀನ್ ಬರೆದಿಟ್ಟಿದ್ದರಿಂದ ಎಷ್ಟೋ ಪದ್ಯ ಉಳಿದವು. ಇವನ ಹೆಸರು ನಿಮಗೆ ಯಾರಾದರೂ ಮೇಷ್ಟರು ಹೇಳಿದರಾ? ಬೀಟರ ಜೊತೆಗೇ ಇದ್ದ ಲೆರಾಯ್ ಜೋನ್ಸ್, 1965ರಲ್ಲಿ ಮಾಲ್ಕಮ್ ಎಕ್ಸ್ ಕೊಲೆಯಾದ ಮೇಲೆ ಆ ಸಂಗ ಬಿಟ್ಟು ಹಾರ್ಲೆಮ್ಮಿಗೆ ನಡೆದ, ಅಮೀರಿ ಬರಾಕ ಆದ. 1970ರಲ್ಲಿ ಲಾಸ್ಟ್ ಪೊಯೆಟ್ಸ್ ಮೊದಲ ರೆಕಾರ್ಡು ತಂದರು, ಪಿಯಾನೋ ಇಲ್ಲ, ಬರೀ ಡೋಲು, ಬಾಯಿ. ಮೊದಲು ಅದನ್ನ ಕೇಳಿ.

ದಲಿತರ ಬೈಗುಳದ ಭಾಷೆ ಬೀಟರಿಂದ ಎರವಲು ಬಂತು ಅನ್ನುವವರಿಗೂ ಒಂದು ಮಾತು. ಗಿನ್ಸ್‌ಬರ್ಗ್ 1962ರಲ್ಲಿ ಮುಂಬಯಿಗೆ ಬಂದು ಹೋದ, ನಿಜ. ನಾಮದೇವ ಢಸಾಳರು 1972ರಲ್ಲಿ ‘ಗೋಲ್‌ಪಿಠಾ’ ತಂದರು. ಅವರು ಆ ಗಲ್ಲಿಗಳಲ್ಲೇ ಬೆಳೆದವರು. ಅಲ್ಲಿನ ಮಾತು ಕಲಿಯೋಕೆ ಅಮೆರಿಕದ ಮೇಷ್ಟರು ಬೇಕಿತ್ತೇ? 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅಕ್ಷರ ಬಾರದವರೂ ಮೆರವಣಿಗೆಯಲ್ಲಿ ಆ ಪದಗಳನ್ನು ಹಾಡಿದರು. ನಮ್ಮ ಅಪೊಲೊ ಅದು.

ಮುಂದಿನ ಸಭೆಗೆ ನಿಮ್ಮ ಪದ್ಯ ತನ್ನಿ. ಹಾಸ್ಟೆಲ್ಲಿನ ಅಡಿಗೆಯವರನ್ನೂ ಪೌರಕಾರ್ಮಿಕ ಅಕ್ಕಂದಿರನ್ನೂ ಮುಂದಿನ ಸಾಲಿನಲ್ಲೇ ಕೂರಿಸ್ತೀವಿ.